ಕೆನ್ರೊಕುಎನ್ ತೋಟಕ್ಕೆ ಬೆಳಗಿನ ಜಾವ ಹೋಗಿ, ನೀರಿನ ಜೊತೆ ಇಳಿಯಿರಿ

ಏಪ್ರಿಲ್‌ನಲ್ಲಿ ಜಪಾನಿಗೆ ಹೊರಟವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಸಕುರಾ, ಅಂದರೆ ಚೆರ್ರಿ ಹೂವು, ಎಲ್ಲಿ ಚೆನ್ನಾಗಿರುತ್ತೆ? ಎಲ್ಲ ಕಡೆಯೂ ಚೆನ್ನಾಗಿರುತ್ತದೆ ಸ್ವಾಮಿ. ಶಾಲೆಯ ಅಂಗಳದಲ್ಲಿ, ಹೊಳೆ ದಂಡೆಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಯಾರದೋ ಮನೆ ಕಾಂಪೌಂಡಿನಾಚೆ, ಕತ್ತೆತ್ತಿದರೆ ಹೂವು. ಬೆಂಗಳೂರಿನ ರಸ್ತೆಗಳಲ್ಲಿ ಟಬೆಬುಯಾ ಬಿಟ್ಟಾಗ ನಾವು ಟಿಕೆಟ್ ಇಲ್ಲದೆ ನೋಡುತ್ತೇವಲ್ಲ, ಹಾಗೇ. ಬರೀ ಹೂವಿಗಾಗಿ ದುಡ್ಡು ಕೊಟ್ಟು ತೋಟದೊಳಗೆ ಹೋಗಬೇಕಿಲ್ಲ. ತೋಟಕ್ಕೆ ಹೋಗುವುದಾದರೆ ತೋಟವನ್ನೇ ನೋಡಲು ಹೋಗಿ. ಹೂವು ಸಿಕ್ಕಿದರೆ ಅದು ಕೊಸರು.

ಅಂಥ ಒಂದು ತೋಟಕ್ಕೆ ಹೋಗಿಬರುವುದು ಹೇಗೆ ಅಂತ ಇಲ್ಲಿ ಬರೆಯುತ್ತೇನೆ. ಕನಜಾವಾ ಊರಿನ ಕೆನ್ರೊಕುಎನ್. ಮೂರು ಸಲ ಹೋಗಿದ್ದೇನೆ, ಮೊದಲನೇ ಸಲ ಪೂರಾ ತಪ್ಪಾಗಿ ನೋಡಿ ಬಂದೆ. ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡ ಗೇಟಿನಿಂದ ನುಗ್ಗಿ, ಎಲ್ಲರೂ ನಿಂತ ಕಡೆ ನಿಂತು, ಎಲ್ಲರೂ ತೆಗೆದ ಫೋಟೋ ತೆಗೆದು, ಮುಕ್ಕಾಲು ಗಂಟೆಯಲ್ಲಿ ಹೊರಬಿದ್ದೆ. ನೀವು ಹಾಗೆ ಮಾಡಬೇಡಿ.

ಮೊದಲು ಜಾಗದ ಪರಿಚಯ. ಜಪಾನಿನ ಮೂರು ದೊಡ್ಡ ತೋಟಗಳು ಅಂತ ಹೆಸರಾದವುಗಳಲ್ಲಿ ಇದೊಂದು. ಉಳಿದೆರಡು ಒಕಯಾಮಾದ ಕೊರಾಕುಎನ್ ಮತ್ತು ಮಿತೊದ ಕೈರಾಕುಎನ್. ಕಾಗಾ ಪ್ರಾಂತ್ಯವನ್ನು ಆಳುತ್ತಿದ್ದ ಮಾಎದಾ ಮನೆತನದವರು ತಮ್ಮ ಕೋಟೆಯ ಎದುರಿಗೆ ಮಾಡಿಸಿಕೊಂಡ ತೋಟ ಇದು. 1676ರಲ್ಲಿ ಶುರುವಾಯಿತು, 1759ರ ಬೆಂಕಿಯಲ್ಲಿ ಸುಟ್ಟಿತು, 1774ರಿಂದ ಮತ್ತೆ ಕಟ್ಟಿದರು, ಆಮೇಲೂ ಒಬ್ಬೊಬ್ಬ ದೊರೆ ಒಂದೊಂದು ತುಂಡು ಸೇರಿಸುತ್ತ ಹೋದ. ಸಾಮಾನ್ಯ ಜನರನ್ನು ಒಳಗೆ ಬಿಟ್ಟಿದ್ದು 1874ರ ಮೇ 7ರಂದು. ವಿಸ್ತಾರ 11 ಹೆಕ್ಟೇರ್ ಚಿಲ್ಲರೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 28 ಎಕರೆ. ಲಾಲ್‌ಬಾಗಿನ ಮುಂದೆ ಚಿಕ್ಕದು. ಆದರೆ ಒಳಗೆ ನಡೆಯುವಾಗ ಚಿಕ್ಕದು ಅನ್ನಿಸುವುದಿಲ್ಲ, ಅದೇ ಈ ತೋಟ ಕಟ್ಟಿದವರ ಚಾಲಾಕಿ.

ಈಗ ಯಾವಾಗ ಹೋಗಬೇಕು ಅನ್ನುವುದು. ವಸಂತ ಅಂದರೆ ಇಲ್ಲಿ ಒಂದೇ ಹೂವಿನ ಕಾಲ ಅಲ್ಲ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಪ್ಲಮ್ ಹೂವು, ಅದಕ್ಕೆ ಅಂತಲೇ ಸುಮಾರು 200 ಮರಗಳ ತೋಪು ಇದೆ. ಸಕುರಾದಷ್ಟು ಅಬ್ಬರ ಇಲ್ಲ, ಆದರೆ ಪರಿಮಳ ಇದೆ, ಸಕುರಾಗೆ ಅದು ಇಲ್ಲವೆಂದೇ ಹೇಳಬೇಕು. ಜನವೂ ಕಮ್ಮಿ. ಮಾರ್ಚ್ ಮೊದಲ ಎರಡು ವಾರದಲ್ಲಿ ಹೋದರೆ ಇನ್ನೊಂದು ಲಾಭ ಇದೆ: ಪೈನ್ ಮರಗಳಿಗೆ ಕಟ್ಟಿದ ಹಗ್ಗಗಳು ಇನ್ನೂ ಇರುತ್ತವೆ. ಈ ಕಡೆಯ ಹಿಮ ಒದ್ದೆ ಹಿಮ, ಭಾರ ಜಾಸ್ತಿ, ಕೊಂಬೆ ಮುರಿದುಹೋಗುತ್ತದೆ. ಅದಕ್ಕೆ ಮರದ ಪಕ್ಕ ಕಂಬ ನೆಟ್ಟು, ತುದಿಯಿಂದ ಕೊಡೆಯ ಕಡ್ಡಿಗಳ ಹಾಗೆ ಹಗ್ಗ ಇಳಿಬಿಟ್ಟು ಒಂದೊಂದು ಕೊಂಬೆಯನ್ನೂ ಎತ್ತಿ ಹಿಡಿಯುತ್ತಾರೆ. ಯುಕಿತ್ಸುರಿ ಅಂತ ಹೆಸರು. ನವೆಂಬರ್ 1ಕ್ಕೆ ಕಟ್ಟಲು ಶುರು ಮಾಡಿ ಮಾರ್ಚ್ 15ರ ಸುಮಾರಿಗೆ ಬಿಚ್ಚಲು ಹಿಡಿಯುತ್ತಾರೆ.

ಸಕುರಾ ಬೇಕು ಅಂದರೆ ಏಪ್ರಿಲ್ ಮೊದಲ ಹತ್ತು ದಿನ. ಕನಜಾವಾದಲ್ಲಿ ಹೂವು ಬಿಡಲು ಶುರುವಾಗುವುದು ಸರಾಸರಿ ಏಪ್ರಿಲ್ 3ರ ಆಸುಪಾಸು, ತುಂಬಿ ಅರಳಲು ಅಲ್ಲಿಂದ ಐದಾರು ದಿನ. ಈಚಿನ ವರ್ಷಗಳಲ್ಲಿ ಮಾರ್ಚ್ ಕೊನೆಗೇ ಬಿಟ್ಟುಬಿಡುವುದೂ ಉಂಟು. ಟೀವಿಯಲ್ಲಿ ಎರಡು ಪದ ಕಿವಿಗೆ ಬೀಳುತ್ತವೆ, ನೆನಪಿಡಿ: "ಕೈಕಾ" ಅಂದರೆ ಗುರುತು ಮಾಡಿಟ್ಟ ಮರದಲ್ಲಿ ಐದಾರು ಹೂವು ಅರಳಿತು ಅಂತ, "ಮಂಕೈ" ಅಂದರೆ ನೂರಕ್ಕೆ ಎಂಬತ್ತು ಮೊಗ್ಗು ಅರಳಿತು ಅಂತ. ಕೈಕಾ ಸುದ್ದಿ ಕೇಳಿದ ಕೂಡಲೇ ಓಡಬೇಡಿ, ಮೂರು ನಾಲ್ಕು ದಿನ ಬಿಟ್ಟು ಹೋಗಿ. ಎಲ್ಲೆಲ್ಲೂ ಕಾಣುವ ಸೊಮೇ ಯೊಶಿನೊ ತಳಿ ಬೀಜದಿಂದ ಬೆಳೆದದ್ದಲ್ಲ, ಎಲ್ಲವೂ ಕಸಿ ಗಿಡ, ಒಂದೇ ಮರದ ನಕಲುಗಳು. ಅದಕ್ಕೇ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ, ನಿಮಗೆ ಸಿಗುವುದು ಒಂದು ವಾರ.

ಆದರೆ ಈ ತೋಟದಲ್ಲಿ ಸುಮಾರು 40 ತಳಿಯ ಚೆರ್ರಿ ಮರಗಳಿವೆ, ಮುಂದೆ ಹಿಂದೆ ಅರಳುತ್ತವೆ. ಏಪ್ರಿಲ್ ಮಧ್ಯಕ್ಕೆ ಬಂದು "ಅಯ್ಯೋ ತಪ್ಪಿಹೋಯಿತು" ಅಂತ ಹೊಟ್ಟೆ ಉರಿಸಿಕೊಳ್ಳುವವರಿಗೆ ಹೇಳುವುದು: ಕೆನ್ರೊಕುಎನ್ ಕಿಕುಜಾಕುರಾ ಅಂತ ಒಂದು ಮರ ಇದೆ, ಅದು ಅರಳುವುದು ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳಲ್ಲಿ. ಒಂದು ಹೂವಿನಲ್ಲಿ 300ಕ್ಕಿಂತ ಜಾಸ್ತಿ ಎಸಳು, ಸೇವಂತಿಗೆಯ ಹಾಗೆ. ಮೊಗ್ಗು ಕಡುಗೆಂಪು, ಅರಳುತ್ತ ಅರಳುತ್ತ ಬಣ್ಣ ತೆಳುವಾಗಿ ಕೊನೆಗೆ ಬಿಳಿಗೆ ತಿರುಗುತ್ತದೆ. ಮೂಲ ಮರ 1970ರಲ್ಲಿ ಸತ್ತುಹೋಯಿತು, ಈಗಿರುವುದು ಅದರ ಕಸಿಯಿಂದ ಬಂದ ಎರಡನೇ ತಲೆಮಾರು. ಮೇ ತಿಂಗಳಲ್ಲಿ ಹೋದರೆ ಕಾಲುವೆ ದಂಡೆಯಲ್ಲಿ ನೇರಳೆ ಐರಿಸ್ ಕೂಡ ಇರುತ್ತದೆ. ಒಂದೇ ಎಚ್ಚರಿಕೆ, ಏಪ್ರಿಲ್ 29ರಿಂದ ಮೇ 5ರವರೆಗಿನ ರಜೆಗಳ ಸಾಲಿನಲ್ಲಿ ಇಡೀ ಜಪಾನ್ ರಸ್ತೆಗಿಳಿದಿರುತ್ತದೆ. ಹೋಟೆಲ್ ದರ ನೋಡಿ ತಲೆ ತಿರುಗಿದರೆ ಕಾರಣ ಅದು.

ಹೋಗುವುದು ಸುಲಭ. ಟೋಕಿಯೊದಿಂದ ಹೊಕುರಿಕು ಶಿಂಕಾನ್‌ಸೆನ್, ಬೇಗದ ರೈಲಾದರೆ ಎರಡೂವರೆ ಗಂಟೆ, ಒಂದು ಕಡೆಗೆ ಸುಮಾರು 14,000 ಯೆನ್. ಈ ಮಾರ್ಗ ಕನಜಾವಾವರೆಗೆ ಬಂದದ್ದೇ 2015ರಲ್ಲಿ, ಅದಕ್ಕೂ ಮುಂಚೆ ಇಲ್ಲಿಗೆ ಬರುವುದು ಅರ್ಧ ದಿನದ ಕೆಲಸ. ಕ್ಯೋಟೊ ಅಥವಾ ಒಸಾಕಾ ಕಡೆಯಿಂದ ಬರುವವರು ತ್ಸುರುಗಾದಲ್ಲಿ ರೈಲು ಬದಲಿಸಬೇಕು. ಹಳೆಯ ಬರಹಗಳಲ್ಲಿ "ನೇರ ರೈಲು ಇದೆ" ಅಂತ ಓದಿದ್ದರೆ ಅದು 2024ರ ಮಾರ್ಚ್‌ಗೆ ಮುಂಚಿನ ಕಥೆ. ನಿಲ್ದಾಣದಿಂದ ತೋಟಕ್ಕೆ ಲೂಪ್ ಬಸ್ಸಿನಲ್ಲಿ ಹದಿನೈದು ಇಪ್ಪತ್ತು ನಿಮಿಷ, ನಡೆದರೆ ಅರ್ಧ ಗಂಟೆ ಮೇಲೆ. ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ.

ಬೆಳಗ್ಗೆ ಟೋಕಿಯೊದಿಂದ ಬಂದು ಸಂಜೆ ವಾಪಸ್ ಹೋಗುವ ಯೋಜನೆ ಮಾತ್ರ ಹಾಕಬೇಡಿ. ಒಂದು ರಾತ್ರಿ ಉಳಿಯಿರಿ. ಅದೂ ನಿಲ್ದಾಣದ ಹತ್ತಿರ ಅಲ್ಲ, ಕೊರಿನ್‌ಬೋ ಅಥವಾ ಕತಾಮಾಚಿ ಕಡೆ, ಅಲ್ಲಿಂದ ತೋಟಕ್ಕೆ ಕಾಲ್ನಡಿಗೆಯ ದೂರ. ಯಾಕೆ ಅಂದರೆ ಮುಖ್ಯವಾದ ವಿಷಯ ಈಗ ಬರುತ್ತದೆ.

ಮಾರ್ಚ್ 1ರಿಂದ ಅಕ್ಟೋಬರ್ 15ರವರೆಗೆ ತೋಟದ ಅಧಿಕೃತ ಸಮಯ ಬೆಳಗ್ಗೆ 7ರಿಂದ ಸಂಜೆ 6. ನಾನು ಹೋದಾಗ ಟಿಕೆಟ್ 320 ಯೆನ್ ಇತ್ತು. ಆದರೆ ಅದಕ್ಕೂ ಮುಂಚೆ ಬೆಳಗಿನ ಜಾವ ಪುಕ್ಕಟೆಯಾಗಿ ಬಿಡುತ್ತಾರೆ: ಮಾರ್ಚ್‌ನಲ್ಲಿ 5 ಗಂಟೆಯಿಂದ, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 4 ಗಂಟೆಯಿಂದ. ಊರಿನವರು ವಾಕಿಂಗ್‌ಗೆ ಬರುವ ಹೊತ್ತು ಅದು. ಏಪ್ರಿಲ್ ಮೊದಲ ವಾರ ಇಲ್ಲಿ ಐದೂವರೆ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಐದು ಕಾಲಿಗೆ ಗೇಟಿನ ಹತ್ತಿರ ಇದ್ದರೆ ಸರಿ. ಹೆಜ್ಜೆಯ ಕೆಳಗೆ ಜಲ್ಲಿ ಕಲ್ಲಿನ ಸದ್ದು, ಎಲ್ಲೋ ನೀರಿನ ಸದ್ದು, ಅಷ್ಟೇ. ಒಂಬತ್ತು ಗಂಟೆಗೆ ಇದೇ ಜಾಗದಲ್ಲಿ ಬಾವುಟ ಹಿಡಿದ ಗೈಡುಗಳ ಹಿಂದೆ ಐವತ್ತು ಐವತ್ತು ಜನರ ಗುಂಪು ಓಡಾಡುತ್ತಿರುತ್ತದೆ.

ಇದರಲ್ಲಿ ಎರಡು ಕೊಕ್ಕೆ ಇವೆ. ಒಂದು, ಜಾವದಲ್ಲಿ ಎಲ್ಲ ಗೇಟೂ ತೆರೆದಿರುವುದಿಲ್ಲ, ಎರಡೇ: ಜುಇಶಿನ್-ಜಾಕಾ ಮತ್ತು ರೆಂಚಿಮೊನ್. ಫೋನಿನ ಮ್ಯಾಪ್ ನಿಮ್ಮನ್ನು ಕೋಟೆ ಎದುರಿನ ಕತ್ಸುರಾಜಾಕಾ ಗೇಟಿಗೆ ಕರೆದೊಯ್ದು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಿಸಬಹುದು. ಎರಡು, ಟಿಕೆಟ್ ಸಮಯ ಶುರುವಾಗುವ 15 ನಿಮಿಷ ಮುಂಚೆ, ಅಂದರೆ 6:45ಕ್ಕೆ, ಜಾವದಲ್ಲಿ ಬಂದವರೆಲ್ಲ ಹೊರಗೆ ಹೋಗಬೇಕು. ಇಲ್ಲೇ ಮರದ ಹಿಂದೆ ನಿಂತು ಏಳು ಗಂಟೆ ಮಾಡಿಬಿಡೋಣ ಅಂತ ನಾನೂ ಯೋಚಿಸಿದ್ದೆ. ಸಮವಸ್ತ್ರದ ಅಜ್ಜ ಒಬ್ಬರು ನಗುನಗುತ್ತ, ಬಗ್ಗಿ ನಮಸ್ಕಾರ ಮಾಡುತ್ತಲೇ ನನ್ನನ್ನು ಗೇಟಿನ ಆಚೆ ಮುಟ್ಟಿಸಿದರು. ಅಷ್ಟು ಮರ್ಯಾದೆಯಿಂದ ನನ್ನನ್ನು ಇನ್ನೆಲ್ಲೂ ಹೊರಹಾಕಿಲ್ಲ. ಸಕುರಾ ಅರಳುವ ಒಂದು ವಾರ ಹಗಲೂ ಟಿಕೆಟ್ ಇಲ್ಲ, ರಾತ್ರಿ ದೀಪ ಹಾಕುತ್ತಾರೆ. ತಾರೀಖು ಮೊದಲೇ ಗೊತ್ತಾಗುವುದಿಲ್ಲ, ಹೂವು ನೋಡಿಕೊಂಡು ಹೇಳುತ್ತಾರೆ. ಆ ರಾತ್ರಿಗಳ ಜಂಗುಳಿ ಹೇಗಿರುತ್ತದೆ ಅಂದರೆ ದಸರಾ ಜಂಬೂ ಸವಾರಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಫೋಟೋ ಚೆನ್ನಾಗಿ ಬರುತ್ತದೆ, ತೋಟ ಕಾಣುವುದಿಲ್ಲ.

ಬೆಳಗ್ಗೆ ಚಳಿ ಇರುತ್ತದೆ, ಏಪ್ರಿಲ್‌ನಲ್ಲೂ ಜಾವದ ಹೊತ್ತು ಹತ್ತು ಡಿಗ್ರಿಗಿಂತ ಕೆಳಗೆ. ಸ್ವೆಟರ್ ಮೇಲೆ ಒಂದು ಜಾಕೆಟ್ ಬೇಕು. ದಾರಿಯೆಲ್ಲ ಜಲ್ಲಿ, ಚಪ್ಪಲಿ ಬೇಡ, ಶೂ ಹಾಕಿ. ಮಕ್ಕಳ ತಳ್ಳುಗಾಡಿ, ಗಾಲಿಕುರ್ಚಿ ಇದ್ದರೆ ಸ್ವಲ್ಪ ಒದ್ದಾಟ ಇದೆ, ತಳ್ಳಲು ಗಟ್ಟಿ ತೋಳಿನವರೊಬ್ಬರು ಜೊತೆಗಿರಲಿ. ಮತ್ತೆ ಕೊಡೆ. "ಬುತ್ತಿ ಮರೆತರೂ ಕೊಡೆ ಮರೆಯಬೇಡ" ಅಂತ ಈ ಊರಿನಲ್ಲಿ ಗಾದೆಯೇ ಇದೆ. ಕನಜಾವಾ ನಿಲ್ದಾಣದ ಮುಂದಿನ ದೊಡ್ಡ ಗಾಜಿನ ಗುಮ್ಮಟ ಇದೆಯಲ್ಲ, ಇಳಿದು ಬಂದವರಿಗೆ ಕೊಡೆ ಹಿಡಿಯುವ ಕಲ್ಪನೆಯಲ್ಲೇ ಅದನ್ನು ಕಟ್ಟಿದ್ದು. ಬೆಳಗ್ಗೆ ನೀಲಿ ಆಕಾಶ ನೋಡಿ ಕೊಡೆ ಹೋಟೆಲಿನಲ್ಲಿ ಬಿಟ್ಟು ಹೊರಟ ನಾನು ಎಂಟು ಗಂಟೆಗೆ ಕೋಳಿಮರಿಯ ಹಾಗೆ ನೆಂದಿದ್ದೆ. ಮಳೆ ಬಂದರೆ ವಾಪಸ್ ಹೋಗಬೇಡಿ ಮತ್ತೆ. ಪಾಚಿ ಹಸಿರಾಗುವುದು, ಕಲ್ಲು ಕಪ್ಪಾಗುವುದು ಆಗಲೇ.

ಇನ್ನು ನಡೆಯುವ ದಾರಿ. ನನ್ನ ಸಲಹೆ ಒಂದೇ: ಜುಇಶಿನ್-ಜಾಕಾದಿಂದ ಒಳಗೆ ಹೋಗಿ, ರೆಂಚಿಮೊನ್‌ನಿಂದ ಹೊರಗೆ ಬನ್ನಿ. ಮೊದಲನೆಯದು ತೋಟದ ಎತ್ತರದ ಬದಿ, ಎರಡನೆಯದು ತಗ್ಗಿನ ಬದಿ. ನೀರು ಹರಿಯುವುದೂ ಹಾಗೇ. ಈ ತೋಟದ ಜೀವ ನೀರಿನಲ್ಲಿದೆ, ಅದರ ಜೊತೆ ಇಳಿದರೆ ತೋಟ ತಾನಾಗೇ ಅರ್ಥವಾಗುತ್ತದೆ. ಇನ್ನೊಂದು ಮಜಾ ಅಂದರೆ, ಮೇಲಿನ ಭಾಗ ಹೊಸದು, 1800ರ ನಂತರದ್ದು. ಕೆಳಗಿನ ಭಾಗ ಹಳೆಯದು. ಇಳಿಯುತ್ತ ಇಳಿಯುತ್ತ ನೀವು ಕಾಲದಲ್ಲೂ ಹಿಂದಕ್ಕೆ ಹೋಗುತ್ತಿರುತ್ತೀರಿ.

ಗೇಟಿನ ಹೊರಗೇ, ಕನಜಾವಾ ದೇವಸ್ಥಾನದ ಪಕ್ಕ, ಮಂಟಪದ ಕೆಳಗೆ ಒಂದು ಚಿಲುಮೆ ಇದೆ, ನೋಡದೆ ದಾಟಬೇಡಿ. ತೊಗೊರೊ ಅನ್ನುವ ಗೆಣಸು ಅಗೆಯುವವನೊಬ್ಬ ಇಲ್ಲಿ ಗೆಣಸು ತೊಳೆದಾಗ ಚಿನ್ನದ ಪುಡಿ ಕಂಡಿತಂತೆ. ಕನಜಾವಾ ಅಂದರೆ ಚಿನ್ನದ ಜೌಗು ಅಂತ ಅರ್ಥ, ಊರಿಗೆ ಆ ಹೆಸರು ಬಂದದ್ದು ಇದರಿಂದಲೇ ಅನ್ನುತ್ತಾರೆ. ಕಥೆಯೋ ನಿಜವೋ, ಇವತ್ತು ಜಪಾನಿನ ಚಿನ್ನದ ರೇಕು ಹೆಚ್ಚುಕಮ್ಮಿ ಪೂರ್ತಿ ತಯಾರಾಗುವುದು ಈ ಊರಿನಲ್ಲೇ. ಅಂಗಡಿಗಳಲ್ಲಿ ಐಸ್‌ಕ್ರೀಮಿಗೂ ಅಂಟಿಸಿ ಕೊಡುತ್ತಾರೆ. ಒಂದು ಸಲ ತಿಂದೆ. ರುಚಿ ಏನೂ ಇಲ್ಲ, ತುಟಿಗೆ ಮೆತ್ತಿಕೊಳ್ಳುತ್ತದೆ.

ಒಳಗೆ ಹೋದ ಕೂಡಲೇ ಕೈಮರ ನೋಡಿಕೊಂಡು ಯಮಜಾಕಿ-ಯಮಾ ಗುಡ್ಡದ ಕಡೆ ನಡೆಯಿರಿ. ಕೃತಕ ಗುಡ್ಡ, ಚಿಕ್ಕದು, ಪ್ರವಾಸಿಗರು ಹೆಚ್ಚಾಗಿ ಬಿಟ್ಟುಬಿಡುವ ಮೂಲೆ. ಅದರ ಬುಡದಲ್ಲಿ, ಗವಿಯ ಬಾಯಿಯಂಥ ಕತ್ತಲೆಯಿಂದ, ನೀರು ಹೊರಗೆ ಬರುತ್ತದೆ. ಇಲ್ಲಿ ಐದು ನಿಮಿಷ ನಿಲ್ಲಿ. ಇದು ಬರೀ ತೋಟದ ನೀರಲ್ಲ. 1631ರಲ್ಲಿ ಕನಜಾವಾದಲ್ಲಿ ದೊಡ್ಡ ಬೆಂಕಿ ಬಿದ್ದು ಕೋಟೆಯೂ ಸುಟ್ಟಿತು. ಕೋಟೆಗೆ ನೀರು ಬೇಕು ಅಂತ ಮೂರನೇ ದೊರೆ ಮಾಎದಾ ತೊಶಿತ್ಸುನೆ ಹಟ ಹಿಡಿದ. ಕೊಮಾತ್ಸು ಊರಿನ ಇತಾಯಾ ಹೇಶಿರೋ ಅನ್ನುವವನು ಸಾಯಿ ನದಿಯ ಮೇಲ್ಭಾಗದಿಂದ ಹತ್ತು ಹನ್ನೊಂದು ಕಿಲೋಮೀಟರ್ ಕಾಲುವೆ ತಂದ, ಬೆಟ್ಟ ಅಡ್ಡ ಬಂದ ಕಡೆ ಸುರಂಗ ಕೊರೆಸಿದ, 1632ಕ್ಕೆ ಕೆಲಸ ಮುಗಿದಿತ್ತು. ಸಮಸ್ಯೆ ಇದ್ದದ್ದು ಕೊನೆಯಲ್ಲಿ. ತೋಟ ಇರುವ ದಿಬ್ಬಕ್ಕೂ ಕೋಟೆ ಇರುವ ದಿಬ್ಬಕ್ಕೂ ನಡುವೆ ಹಳ್ಳ. ನೀರು ಹಳ್ಳಕ್ಕೆ ಇಳಿದು ಮತ್ತೆ ಆಚೆ ದಿಬ್ಬ ಹತ್ತಬೇಕು. ಪಂಪ್ ಎಲ್ಲಿಯದು ಆ ಕಾಲದಲ್ಲಿ? ನೀರು ಹೊರಡುವ ಜಾಗ ಮುಟ್ಟುವ ಜಾಗಕ್ಕಿಂತ ಎತ್ತರದಲ್ಲಿದ್ದರೆ ಸಾಕು, ಮುಚ್ಚಿದ ಕೊಳವೆಯೊಳಗೆ ಅದು ತಾನೇ ಹತ್ತುತ್ತದೆ. ಮೊದಲು ಮರದ ಕೊಳವೆ, ಆಮೇಲೆ ಕಲ್ಲು ಕೊರೆದು ಮಾಡಿದ ಕೊಳವೆ. ತೋಟ ಹುಟ್ಟುವುದಕ್ಕೆ ನಲವತ್ತು ವರ್ಷ ಮುಂಚೆಯೇ ನೀರು ಬಂದಿತ್ತು, ಅದನ್ನು ನೋಡಿ ತೋಟ ಮಾಡಿದರು. ಬೀದರಿನ ಸುರಂಗ ಬಾವಿ ನೋಡಿ ಬೆರಗಾದವರಿಗೆ ಇದು ಖಂಡಿತ ಹಿಡಿಸುತ್ತದೆ.

ಗುಡ್ಡದಿಂದ ಹೊರಟ ನೀರು ಅಂಕುಡೊಂಕಾಗಿ ಅರ್ಧ ಕಿಲೋಮೀಟರ್‌ಗಿಂತ ತುಸು ಜಾಸ್ತಿ ಹರಿದು ದೊಡ್ಡ ಕೊಳ ಸೇರುತ್ತದೆ. ಇದರ ದಂಡೆಯಲ್ಲೇ ನಡೆಯಿರಿ. ಹನಾಮಿ-ಬಾಶಿ ಅನ್ನುವ ಮರದ ಸೇತುವೆ ಬರುತ್ತದೆ, ಹೆಸರೇ ಹೂ ನೋಡುವ ಸೇತುವೆ. ಎರಡೂ ದಂಡೆಯ ಸಕುರಾ ಕೊಂಬೆಗಳು ನೀರಿನ ಮೇಲೆ ಬಾಗಿರುತ್ತವೆ. ಸಕುರಾ ನೋಡಲು ಇಡೀ ತೋಟದಲ್ಲಿ ನನಗೆ ಇಷ್ಟವಾದ ಜಾಗ ಇದೇ. ತುಂಬಿ ಅರಳಿದ ದಿನಕ್ಕಿಂತ ಅದಾಗಿ ನಾಲ್ಕೈದು ದಿನಕ್ಕೆ, ಉದುರುವಾಗ, ಇನ್ನೂ ಚೆನ್ನ. ಎಸಳುಗಳು ನೀರಿನ ಮೇಲೆ ಒತ್ತೊತ್ತಾಗಿ ತೇಲುತ್ತ ಹೋಗುವುದಕ್ಕೆ ಜಪಾನೀಯರು "ಹನಾ-ಇಕಾದಾ" ಅನ್ನುತ್ತಾರೆ, ಹೂವಿನ ತೆಪ್ಪ.

ಸ್ವಲ್ಪ ಆಚೆ ಬೇರೆತ್ತಿದ ಪೈನ್ ಮರ ಇದೆ. ನಲವತ್ತಕ್ಕೂ ಮೇಲ್ಪಟ್ಟು ಬೇರುಗಳು ನೆಲದಿಂದ ಎರಡು ಮೀಟರ್ ಎತ್ತರಕ್ಕೆ ಬೆರಳೂರಿ ನಿಂತ ಹಾಗೆ. ತಾನಾಗಿ ಹಾಗೆ ಬೆಳೆದದ್ದಲ್ಲ. ಮಣ್ಣಿನ ದಿಬ್ಬದ ಮೇಲೆ ಸಸಿ ನೆಟ್ಟು, ಅದು ದೊಡ್ಡದಾದಂತೆ ಮಣ್ಣು ಕೆರೆದು ತೆಗೆಯುತ್ತ ಹೋದರು. ಹತ್ತಿರದಲ್ಲೇ ಯಮಾತೊ ತಕೆರು ಅನ್ನುವ ಪುರಾಣದ ವೀರನ ಕಂಚಿನ ಪ್ರತಿಮೆ, 1880ರದ್ದು. ತೋಟದ ಗಾಂಭೀರ್ಯಕ್ಕೆ ಒಪ್ಪದ ವಸ್ತು ಅಂತ ನನ್ನ ಅಭಿಪ್ರಾಯ, ಆದರೆ ಒಂದು ಸಲ ತಲೆಯೆತ್ತಿ ನೋಡಿ: ಪಾರಿವಾಳದ ಹಿಕ್ಕೆ ಇಲ್ಲ. ಕನಜಾವಾ ವಿಶ್ವವಿದ್ಯಾಲಯದ ಯುಕಿಯೊ ಹಿರೊಸೆ ಅನ್ನುವ ವಿಜ್ಞಾನಿ ಇದಕ್ಕೆ ಕಾರಣ ಹುಡುಕಿದರು. ಕಂಚಿನಲ್ಲಿ ಆರ್ಸೆನಿಕ್ ಪಾಲು ಜಾಸ್ತಿ ಇದೆ, ಹಕ್ಕಿಗಳಿಗೆ ಅದು ಆಗುವುದಿಲ್ಲ ಅಂತ. ಅದಕ್ಕೆ 2003ರ ಇಗ್ ನೊಬೆಲ್ ಸಿಕ್ಕಿತು, ಅದೇ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ. ಅಲ್ಲೇ ಹಾರುವ ಬಾತುಗಳ ಸಾಲಿನ ಹಾಗೆ 11 ಕಲ್ಲು ಜೋಡಿಸಿದ ಸೇತುವೆ ಇದೆ. ದಾಟಿದರೆ ಆಯಸ್ಸು ಜಾಸ್ತಿ ಅಂತ ನಂಬಿಕೆ, ಆದರೆ ಕಲ್ಲು ಸವೆಯುತ್ತದೆ ಅಂತ ಈಗ ದಾಟಲು ಬಿಡುವುದಿಲ್ಲ. ನೋಡಿ ಬನ್ನಿ, ಆಯಸ್ಸು ಇದ್ದಷ್ಟು ಇರಲಿ.

ಆಮೇಲೆ ಕಸುಮಿಗಾ-ಇಕೆ, ದೊಡ್ಡ ಕೊಳ. ದೊಡ್ಡದು ಅಂದರೂ ಒಂದೂವರೆ ಎಕರೆಯಷ್ಟೇ, ಅತಿ ಆಳದ ಕಡೆಯೂ ಒಂದೂವರೆ ಮೀಟರ್. ಕೆನ್ರೊಕುಎನ್ ಅಂತ ಹುಡುಕಿದರೆ ಮೊದಲು ಬರುವ ಫೋಟೋ ಇಲ್ಲಿಯದು, ಎರಡು ಕಾಲಿನ ಕಲ್ಲಿನ ದೀಪ. ಒಂದು ಕಾಲು ನೀರಿನಲ್ಲಿ, ಇನ್ನೊಂದು ಗಿಡ್ಡ ಕಾಲು ದಡದ ಕಲ್ಲಿನ ಮೇಲೆ. ಕೊತೊ ಅನ್ನುವ ತಂತಿವಾದ್ಯದಲ್ಲಿ ತಂತಿ ಎತ್ತಿ ಹಿಡಿಯುವ ಕುದುರೆಯ ಹಾಗೆ ಕಾಣುತ್ತದೆ ಅಂತ ಕೊತೋಜಿ ದೀಪ ಅಂತ ಹೆಸರು. ವೀಣೆ ಬಲ್ಲವರಿಗೆ ಕುದುರೆ ಅಂದರೆ ಏನು ಅಂತ ಗೊತ್ತು. ಹಗಲಿನಲ್ಲಿ ಇದರ ಮುಂದಿನ ಪುಟ್ಟ ಕಲ್ಲು ಸೇತುವೆಯ ಮೇಲೆ ಫೋಟೋಗೆ ಸಾಲು ನಿಲ್ಲಬೇಕು. ಜಾವದಲ್ಲಿ ನೀವು, ದೀಪ, ಜೊತೆಗೆ ಟ್ರೈಪಾಡ್ ಹಿಡಿದ ಒಂದಿಬ್ಬರು. ಫೋಟೋ ತೆಗೆದು ಪಕ್ಕಕ್ಕೆ ಸರಿದು ಕೊಳದ ದಡದ ಬಲು ದೊಡ್ಡ ಪೈನ್ ಮರ ನೋಡಿ. ಬಿವಾ ಸರೋವರದ ದಡದ ಕರಸಾಕಿಯಿಂದ ಬೀಜ ತರಿಸಿ 13ನೇ ದೊರೆ ನರಿಯಾಸು ಬೆಳೆಸಿದ್ದು. ಕೊಂಬೆಗಳು ನೀರಿನ ಮೇಲೆ ಅಡ್ಡಡ್ಡ ಚಾಚಿ ಊರುಗೋಲು ಹಿಡಿದು ನಿಂತಿವೆ. ಚಳಿಗಾಲದಲ್ಲಿ ಇದೊಂದಕ್ಕೇ 800ಕ್ಕೂ ಮೇಲೆ ಹಗ್ಗ ಬೇಕು.

ಈ ಎತ್ತರದಿಂದ, ಹವಾ ತಿಳಿಯಾಗಿದ್ದರೆ, ಊರಿನಾಚೆಯ ಉತಾತ್ಸು ಬೆಟ್ಟ ಕಾಣುತ್ತದೆ. ಇಲ್ಲಿ ತೋಟದ ಹೆಸರಿನ ಮಾತು ಬರಬೇಕು. ಕೆನ್ರೊಕು ಅಂದರೆ ಆರನ್ನೂ ಕೂಡಿಸಿಕೊಂಡದ್ದು. ಹಳೆಯ ಚೀನೀ ಬರಹವೊಂದರಲ್ಲಿ ಆರು ಗುಣ ಹೇಳಿದೆ: ವಿಸ್ತಾರ, ಏಕಾಂತ, ಮನುಷ್ಯನ ಕೈಕೆಲಸ, ಹಳಮೆ, ನೀರು, ದೂರದ ನೋಟ. ಒಂದಿದ್ದರೆ ಇನ್ನೊಂದು ಇರುವುದಿಲ್ಲ ಅನ್ನುವುದು ಅದರ ತಕರಾರು. ಬಯಲು ಮಾಡಿದರೆ ಏಕಾಂತ ಹೋಯಿತು, ಕೈ ಹಾಕಿದರೆ ಹಳಮೆ ಹೋಯಿತು, ನೀರು ತಗ್ಗಿನಲ್ಲಿರುತ್ತದೆ, ನೋಟ ಎತ್ತರದಲ್ಲಿರುತ್ತದೆ. ಕೊಳದ ದಡದಲ್ಲಿ ನಿಂತು ದೂರದ ಬೆಟ್ಟ ನೋಡುತ್ತಿರುವ ನಿಮ್ಮ ಕಾಲ ಬಳಿಯೇ ಕೊನೆಯ ಜೋಡಿ ಇತ್ಯರ್ಥವಾಗಿದೆ, ನೋಡಿ. ಹತ್ತು ಕಿಲೋಮೀಟರ್ ಕಾಲುವೆ ತೋಡಿ ನೀರನ್ನು ದಿಬ್ಬದ ಮೇಲಕ್ಕೆ ತಂದವನ ಕೆಲಸ ಅದು.

ಕೊಳದಿಂದ ಕೆಳಗಿಳಿಯುವಾಗ ಕಾರಂಜಿ ಸಿಗುತ್ತದೆ. ಮೂರೂವರೆ ಮೀಟರ್ ಚಿಮ್ಮುತ್ತದೆ, ನೋಡಲು ಸಾಧಾರಣ. ಜನ ನಿಲ್ಲದೆ ಹೋಗುತ್ತಾರೆ. ಆದರೆ ಇದಕ್ಕೆ ಮೋಟಾರ್ ಇಲ್ಲ. ಮೇಲಿನ ಕೊಳದ ನೀರಿನ ಒತ್ತಡವೇ ಚಿಮ್ಮಿಸುವುದು, ಕೊಳದ ಮಟ್ಟ ಏರಿಳಿದರೆ ಇದರ ಎತ್ತರವೂ ಏರಿಳಿಯುತ್ತದೆ. 1861ರದ್ದು, ಜಪಾನಿನ ಅತಿ ಹಳೆಯ ಕಾರಂಜಿ ಅಂತ ಹೇಳುತ್ತಾರೆ. ಕೋಟೆಗೆ ನೀರು ಹತ್ತಿಸಿದ ಉಪಾಯವೇ ಇಲ್ಲಿ ಆಟವಾಗಿದೆ.

ಕೊನೆಗೆ ಹಿಸಗೊ-ಇಕೆ, ಸೋರೆಬುರುಡೆ ಕೊಳ. ಮರಗಳ ನೆರಳು, ಬೆಳಕು ಕಮ್ಮಿ, ಆರೂವರೆ ಮೀಟರ್ ಎತ್ತರದ ಜಲಪಾತದ ಸದ್ದು. ತೋಟ 1676ರಲ್ಲಿ ಶುರುವಾದದ್ದು ಇಲ್ಲಿಂದ. ಪಕ್ಕದ ಯುಗಾಓ-ತೇ ಚಹಾ ಮನೆ 1774ರದ್ದು, ತೋಟದೊಳಗಿನ ಅತಿ ಹಳೆಯ ಕಟ್ಟಡ. ಮೇಲೆ ಬಯಲು, ಇಲ್ಲಿ ಕಾಡು. ಕೈಯಲ್ಲಿ ಅರ್ಧ ಗಂಟೆ ಉಳಿದಿದ್ದರೆ ಇಲ್ಲೇ ಕಳೆಯಿರಿ, 6:40ಕ್ಕೆ ರೆಂಚಿಮೊನ್ ಕಡೆ ಹೆಜ್ಜೆ ಹಾಕಿ.

ಹೊರಬಿದ್ದ ಮೇಲೆ ಎದುರಿಗೇ ಕೋಟೆ ಪಾರ್ಕು, ದುಡ್ಡಿಲ್ಲ, 1788ರ ಇಶಿಕಾವಾ ಬಾಗಿಲಿನ ಮುಂದೆ ಸಕುರಾ ಸೊಗಸು. 2024ರ ಜನವರಿ 1ರ ನೋಟೊ ಭೂಕಂಪದಲ್ಲಿ ಕೋಟೆಯ ಕಲ್ಲುಗೋಡೆ ಕೆಲವು ಕಡೆ ಕುಸಿದಿತ್ತು, ಹಗ್ಗ ಕಟ್ಟಿದ ಕಡೆ ದಾಟಬೇಡಿ. ತಿಂಡಿ ಮಾಡಿ ಒಂಬತ್ತಕ್ಕೆ ಟಿಕೆಟ್ ತೆಗೆದುಕೊಂಡು ಮತ್ತೆ ಒಳಗೆ ಹೋಗಿ. ಎರಡು ಸಲ ಯಾಕೆ ಅಂದರೆ ಚಹಾ ಮನೆ ತೆರೆಯುವುದು ಆಗಲೇ. ಶಿಗುರೆ-ತೇ ಅನ್ನುವ ಮನೆಯಲ್ಲಿ ಚಾಪೆಯ ಮೇಲೆ ಕೂರಿಸಿ ಮಚ್ಚಾ ಮತ್ತು ಒಂದು ಸಿಹಿ ಕೊಡುತ್ತಾರೆ, ಸಾವಿರ ಯೆನ್ ಒಳಗೆ. ಮೊದಲು ಸಿಹಿ ತಿನ್ನಿ, ಆಮೇಲೆ ಚಹಾ ಕುಡಿಯಿರಿ. ಹಾಲಿಲ್ಲ ಸಕ್ಕರೆಯಿಲ್ಲ, ಹಸಿ ಸೊಪ್ಪಿನ ಕಹಿ. ಬಾಯಲ್ಲಿ ಸಿಹಿ ಇದ್ದಾಗಲೇ ಅದು ಹಿತ. ಸಿಹಿಯಲ್ಲಿ ಇರುವುದು ಹೆಚ್ಚಾಗಿ ಕಾಳು ಬೇಯಿಸಿ ಸಕ್ಕರೆ ಹಾಕಿ ಅರೆದದ್ದು, ನಮ್ಮ ಹೂರಣದ ದಾಯಾದಿ. ಮಂಡಿ ನೋವಿದ್ದವರು ಕಾಲು ಚಾಚಿ ಕೂತರೆ ಯಾರೂ ಏನೂ ಅನ್ನುವುದಿಲ್ಲ, ಪಾದ ಎದುರಿನವರ ಕಡೆ ಇಲ್ಲದಿದ್ದರೆ ಸಾಕು.

ಹಾಗೇ ಸೇಸೊನ್‌ಕಾಕು ನೋಡಿಬಿಡಿ, ಟಿಕೆಟ್ ಬೇರೆ, ಬುಧವಾರ ರಜೆ. ನರಿಯಾಸು 1863ರಲ್ಲಿ ತನ್ನ ತಾಯಿಗಾಗಿ ಕಟ್ಟಿಸಿದ ಮನೆ. ತೋಟದ ಕಡೆಯ ಜಗಲಿಗೆ ಒಂದು ಕಂಬವೂ ಇಲ್ಲ, ಅಮ್ಮನ ನೋಟಕ್ಕೆ ಅಡ್ಡ ಬರಬಾರದಲ್ಲ. ಮಹಡಿಯಲ್ಲಿ ಕಡುನೀಲಿ ಛಾವಣಿಯ ಕೋಣೆ ಇದೆ.

ಊಟದ ವಿಷಯ, ಸಸ್ಯಾಹಾರಿಗಳಿಗೆ. ಕಾಣಲು ಬರೀ ತರಕಾರಿ ಇರುವ ಸಾರು, ನೂಡಲ್ಸ್, ಪಲ್ಯ ಎಲ್ಲದಕ್ಕೂ "ದಾಶಿ" ಅನ್ನುವ ಮೀನಿನ ಕಷಾಯ ಬಿದ್ದಿರುತ್ತದೆ. "ನಿಕು ಮೊ ಸಕಾನಾ ಮೊ ತಬೆಮಾಸೆನ್", ಮಾಂಸವೂ ಮೀನೂ ತಿನ್ನುವುದಿಲ್ಲ ಅಂತ, ಬಾಯಿಪಾಠ ಮಾಡಿ. ದಾಶಿ ಬಗ್ಗೆ ಬೇರೆಯಾಗಿಯೇ ಕೇಳಿ, ಅವರ ಲೆಕ್ಕದಲ್ಲಿ ಅದು ಮೀನಲ್ಲ. ಜಾವದ ನಡಿಗೆಗೆ ಹಿಂದಿನ ರಾತ್ರಿಯೇ ಅಂಗಡಿಯಿಂದ ಉಮೆಬೋಷಿ ಒನಿಗಿರಿ ತಂದಿಟ್ಟುಕೊಳ್ಳಿ. ಉಪ್ಪಿನಕಾಯಿ ಹಣ್ಣು ನಡುವೆ ಇಟ್ಟ ಅನ್ನದ ಉಂಡೆ ಅದು. ಚೀಟಿಯಲ್ಲಿರುವುದನ್ನು ಫೋನಿನಿಂದ ಅನುವಾದಿಸಿ ಓದಿ, ಕೆಲವು ಕಂಪನಿಯವರು ಅದರಲ್ಲೂ ಮೀನಿನ ಸಾರ ಸೇರಿಸಿರುತ್ತಾರೆ. ಮೊಸರಿನ ಡಬ್ಬಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬ್ಯಾಗಿನಲ್ಲಿ ಅವಲಕ್ಕಿ, ಚಟ್ನಿಪುಡಿ ಇದ್ದರೆ ನೀವೇ ರಾಜ. ಆದರೆ ತೋಟದೊಳಗೆ ಚಾಪೆ ಹಾಸಿ ಬುತ್ತಿ ಬಿಚ್ಚಬೇಡಿ, ಆ ತರಹದ ಜಾಗ ಅಲ್ಲ ಇದು. ಕಸದ ಡಬ್ಬಿ ಹುಡುಕಿದರೂ ಸಿಗುವುದಿಲ್ಲ, ಒಂದು ಖಾಲಿ ಕವರ್ ಜೇಬಿನಲ್ಲಿರಲಿ. ಪಾಚಿಯ ಮೇಲೆ ಕಾಲಿಡಬೇಡಿ, ಹೂವಿನ ಕೊಂಬೆ ಮುಖಕ್ಕೆ ಎಳೆದುಕೊಂಡು ಸೆಲ್ಫಿ ತೆಗೆಯಬೇಡಿ. ಇದನ್ನು ಬರೆಯಲು ನನಗೇ ಮುಜುಗರ, ಆದರೆ ಎಳೆಯುತ್ತಿದ್ದವರು ಕನ್ನಡದಲ್ಲಿ ಮಾತಾಡುತ್ತಿದ್ದದ್ದನ್ನು ಕಿವಿಯಾರೆ ಕೇಳಿದ್ದೇನೆ.

ಚಹಾ ಮನೆಯ ಬಾಗಿಲಲ್ಲಿ ಕೊಡೆ ಇಡುವ ಬುಟ್ಟಿ ಇರುತ್ತದೆ. ನೆಂದ ದಿನ ಹೊಸದಾಗಿ ಕೊಂಡ ಪಾರದರ್ಶಕ ಪ್ಲಾಸ್ಟಿಕ್ ಕೊಡೆಯನ್ನು ಅದರಲ್ಲಿಟ್ಟು ಒಳಗೆ ಹೋದೆ. ಹೊರಗೆ ಬಂದಾಗ ಅಂಥವೇ ಹನ್ನೆರಡು ಇದ್ದವು. ಹಿಡಿಗೆ ಒಂದು ದಾರ ಕಟ್ಟಿಕೊಳ್ಳಿ.